ಹೊಲಿಗೆಗೆ ಬಿಟ್ಟ ಒಂದಿಂಚು

ಕಾಲು ಇದ್ದಷ್ಟು ಹಾಸಿಗೆ ಚಾಚು ಅಂತ ಗಾದೆ. ಹಿರಿಯರು ಇದನ್ನು ಹೀಗೆ ಹೇಳಿರಲಿಕ್ಕಿಲ್ಲ, ನನಗೂ ಗೊತ್ತು. ಆದರೆ ನಮ್ಮ ಮಾವನದು ದರ್ಜಿ ಅಂಗಡಿ. ಅಲ್ಲಿ ಗಾದೆಯನ್ನೂ ಮೈಗೆ ತಕ್ಕಂತೆ ಬಿಚ್ಚಿ ಹೊಲಿಯುತ್ತಾರೆ. ಈಗ ಹೇಳಹೊರಟಿರುವುದು ಅಪ್ಪಟ ನಿಜ. ಅಲ್ಲಿ ಇಲ್ಲಿ ಹೊಲಿಗೆಗೆ ಅಂತ ಒಂದಿಂಚು ಬಿಟ್ಟಿದ್ದೇನೆ, ಅಷ್ಟೇ. ಅದನ್ನು ಸುಳ್ಳು ಅನ್ನುವವರು ಮೊದಲು ತಮ್ಮ ಪ್ಯಾಂಟನ್ನು ತಿರುಗಿಸಿ ಒಳಗೇನಿದೆ ನೋಡಿಕೊಳ್ಳಲಿ.

ಮಾವ ಅಂದರೆ ನನ್ನ ತಾಯಿಯ ತಮ್ಮ. ವಯಸ್ಸು ನಲವತ್ತೇಳು, ಎದೆ ನಲವತ್ತು, ಸೊಂಟದ ವಿಷಯ ವೃತ್ತಿರಹಸ್ಯ. ಅಂಗಡಿ ಇರುವುದು ಕಾಲೇಜಿನ ಗೇಟಿಗೆ ನೇರ ಎದುರು. ಪ್ರತಿ ವರ್ಷ ಘಟಿಕೋತ್ಸವಕ್ಕೆ ಕರಿ ಗೌನುಗಳನ್ನು ಹೊಲಿಯುವ ಕೆಲಸ ಮಾವನದೇ. ಆ ಕಾಲೇಜಿನಿಂದ ಪದವೀಧರ ಅಂತ ಹೊರಬಿದ್ದ ಒಂದೊಂದು ಹೆಗಲೂ ಮಾವನ ಟೇಪಿನ ಕೆಳಗೆ ಹಾದುಹೋಗಿದೆ. ಮಾವ ಮಾತ್ರ ಆ ಗೇಟು ದಾಟಿದವನಲ್ಲ. ಗೌನಿನ ಗಂಟನ್ನು ಗೇಟಿನ ಕಾವಲುಗಾರನ ಕೈಗಿಟ್ಟು, ಕಂಬಿಗಳ ನಡುವಿನಿಂದ ಒಳಗಿನ ಮೆಟ್ಟಿಲುಗಳನ್ನು ಒಂದು ಸಲ ನೋಡಿ, ವಾಪಸ್ಸು.

ಇದರ ಹಿಂದೊಂದು ಕಥೆಯಿದೆ. ಮಾವನಿಗೆ ಹತ್ತೊಂಬತ್ತು ವರ್ಷವಿದ್ದಾಗ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದ್ದನಂತೆ. ಪರೀಕ್ಷೆಯ ದಿನವೇ ನಲವತ್ತು ಗೌನು ತುರ್ತಾಗಿ ಬೇಕು ಅಂತ ಕಾಲೇಜಿನಿಂದ ಹೇಳಿಕಳಿಸಿದರು. ಆಗ ಅಂಗಡಿ ನಡೆಸುತ್ತಿದ್ದ ತಾತನ ಕಣ್ಣಿಗೆ ಸೂಜಿಯ ತೂತು ಕಾಣಿಸುವುದು ನಿಂತು ಆಗಲೇ ಆರು ತಿಂಗಳಾಗಿತ್ತು. "ಇದೊಂದು ಸಲ ಮೆಷಿನ್ ಮೇಲೆ ಕೂತುಬಿಡು ಮಗಾ, ಪರೀಕ್ಷೆ ಮುಂದಿನ ವರ್ಷ ಬರೆದರಾಯ್ತು" ಅಂದರಂತೆ. ಮಾವ ಕೂತ. ಆ ಮುಂದಿನ ವರ್ಷ ಇಪ್ಪತ್ತೆಂಟು ಸಲ ಬಂದು ಹೋಯಿತು.

ಇಷ್ಟಕ್ಕೇ ಬಿಟ್ಟಿದ್ದರೆ ಇದು ಕಣ್ಣೀರಿನ ಕಥೆಯಾಗುತ್ತಿತ್ತು. ಮಾವ ಬಿಡಲಿಲ್ಲ, ಬಾಯಿ ಬಿಟ್ಟ. ಒಂದು ದಿನ ಕಾಲೇಜಿನ ಗಣಿತ ಮೇಷ್ಟ್ರು ಅಳತೆ ಕೊಡಲು ಬಂದಿದ್ದರು. ಅವರ ಸೊಂಟ ಸುತ್ತುತ್ತಾ ಮಾವ ಹೇಳಿದ: "ಲೆಕ್ಕ ಅಂದ್ರೆ ನನಗೆ ನೀರು ಕುಡಿದ ಹಾಗೆ ಸಾರ್. ಕ್ಲಾಸಲ್ಲಿ ನನ್ನ ಮುಂದೆ ಯಾರೂ ಇರ್ತಿರಲಿಲ್ಲ."

ಪಕ್ಕದಂಗಡಿಯ ಇಸ್ತ್ರಿಯವನು ಗೋಡೆಯಾಚೆಯಿಂದಲೇ ಕೂಗಿದ: "ಹೌದು ಸಾರ್, ನಾನೂ ಅದೇ ಕ್ಲಾಸು. ಮೇಷ್ಟ್ರು ಇವನನ್ನ ಗೋಡೆ ಕಡೆ ತಿರುಗಿಸಿ ನಿಲ್ಲಿಸ್ತಿದ್ರು. ಮುಂದೆ ಯಾರಿರ್ತಾರೆ? ಸುಣ್ಣ!"

ನಾನು ಆಗ ಅದೇ ಕಾಲೇಜಿನಲ್ಲಿ ಕೊನೆಯ ವರ್ಷ. ಓದಿನಲ್ಲಿ ಸಾಧಾರಣ, ಅಣಕದಲ್ಲಿ ಮೊದಲ ದರ್ಜೆ. ಪ್ರಾಂಶುಪಾಲರಿಂದ ಹಿಡಿದು ನೀರಿನ ಪಂಪಿನವರೆಗೆ ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಕಚೇರಿ ಸೂಪರಿಂಟೆಂಡೆಂಟರದು. ಮೊದಲು ಗಂಟಲು, ಕೆಟ್ಟ ಮೋಟಾರು ಹತ್ತಿಕೊಂಡಂತೆ, "ಹ್ರ್ರ್ಂ". ಆಮೇಲೆ "ಅಂದರೆ ಏನಪ್ಪಾ ಅಂದರೆ". ಆಮೇಲೆ ವಿಷಯ, ಏನಾದರೂ ಉಳಿದಿದ್ದರೆ.

ಮಾರನೇ ದಿನ ಮಧ್ಯಾಹ್ನ ವಿದ್ಯಾರ್ಥಿ ಸಂಘದ ಕೋಣೆಯಿಂದ ಅಂಗಡಿಗೆ ಫೋನು ತಿರುಗಿಸಿದೆ.

"ಹ್ರ್ರ್ಂ... ದರ್ಜಿಯವರಾ? ಅಂದರೆ ಏನಪ್ಪಾ ಅಂದರೆ, ಕಾಲೇಜಿನಿಂದ ಸೂಪರಿಂಟೆಂಡೆಂಟು ಮಾತಾಡೋದು."

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. ಕತ್ತರಿ ಇರಬೇಕು.

"ಯಾರು ಅಂದ್ರಿ?"

"ಸೂಪರಿಂಟೆಂಡೆಂಟು!"

"ಓಹೋ, ಸಾಹೇಬ್ರು! ಎಲ್ಲಿಂದ ಮಾತಾಡ್ತಿದೀರಿ ಸಾರ್?"

"ಇನ್ನೆಲ್ಲಿಂದ? ನನ್ನ ಕುರ್ಚಿಯಿಂದ."

"ಕುರ್ಚಿಯಿಂದ. ಅಂದ್ರೆ ಕೂತಿದೀರಿ. ಕೈ ಕೆಳಗಿದೆ. ಸರಿ ಸರಿ, ಹೇಳಿ ಸಾರ್."

"ತಮಗೆ ಗಣಿತದಲ್ಲಿ ಬಹಳ ಪ್ರತಿಭೆ ಇದೆ ಅಂತ ನಮ್ಮ ಮೇಷ್ಟ್ರು ವರದಿ ಕೊಟ್ಟಿದ್ದಾರೆ. ಅಂದರೆ ಏನಪ್ಪಾ ಅಂದರೆ, ಈ ವರ್ಷ ಪ್ರವೇಶ ಪರೀಕ್ಷೆಗೆ ತಾವು ಕೂರಬೇಕು ಅಂತ ಕಾಲೇಜಿನ ಅಪೇಕ್ಷೆ. ವಯಸ್ಸು ಅಡ್ಡಿಯಿಲ್ಲ."

ಮಾವ ಬೀಗುತ್ತಾನೆ, ತೊದಲುತ್ತಾನೆ, ಇಲ್ಲ ನೆಪ ಹೇಳುತ್ತಾನೆ, ಸಂಜೆಯೊಳಗೆ ಗುಟ್ಟು ಬಿಚ್ಚಿ ನಕ್ಕು ಮುಗಿಸೋಣ ಅಂತ ನನ್ನ ಲೆಕ್ಕ. ಮಾವ ಕೇಳಿದ್ದು ಒಂದೇ:

"ಪೆನ್ಸಿಲು ನಾನೇ ತರಬೇಕಾ ಸಾರ್?"

"ಎರಡು ತನ್ನಿ" ಅಂದು ಫೋನಿಟ್ಟೆ.

ಅರ್ಧ ಗಂಟೆ ಬಿಟ್ಟು ಅಂಗಡಿಗೆ ಹೋದರೆ, ಮಾವ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಲ್ಲಿ ಪೆನ್ಸಿಲು ಹೆರೆಯುತ್ತಾ ಕೂತಿದ್ದ. ಅಷ್ಟರಲ್ಲಿ ಬೀದಿಗೆ ಬೀದಿಯೇ ಸುದ್ದಿ. ಇಸ್ತ್ರಿಯವನು ಪೆಟ್ಟಿಗೆಯ ಕೆಂಡ ಆರಿಸಿ ಬಂದು ನಿಂತಿದ್ದ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕೋಲೂರಿಕೊಂಡು ಬಂದಿದ್ದರು. ಬೀದಿಯಲ್ಲಿ ಎಲ್ಲಿ ನಾಲ್ಕು ಜನ ಸೇರಿದರೂ ಐದನೆಯವರು ಅವರೇ.

"ನೋಡಪ್ಪ," ಪೋಸ್ಟ್‌ಮಾಸ್ಟರು ಮಾವನಿಗೆ ಹೇಳುತ್ತಿದ್ದರು, "ಉತ್ತರ ಗೊತ್ತಿಲ್ಲದಿದ್ರೆ ಖಾಲಿ ಬಿಡಬೇಡ. ಏನಾದರೂ ಹಾಕು. ವಿಳಾಸ ಅರ್ಧ ಇದ್ರೂ ಕಾಗದ ತಲುಪುತ್ತೆ."

"ನಿಮ್ಮ ಕಾಲದಲ್ಲಿ ಪೂರ್ತಿ ಇದ್ರೂ ತಲುಪ್ತಿರಲಿಲ್ಲ" ಅಂದ ಇಸ್ತ್ರಿಯವನು.

ನಾನು ಮಾವನ ಕಿವಿಯ ಹತ್ತಿರ ಬಗ್ಗಿ, "ಮಾವ, ಆ ಫೋನು..." ಅನ್ನುವಷ್ಟರಲ್ಲಿ ಅತ್ತೆ ಒಳಗಿನಿಂದ ಬಂದಳು. ಅಂಗಿಗೆ ಗುಂಡಿ, ಗುಂಡಿ ತೂರುವ ಕಾಜಾ, ಎಲ್ಲ ಅವಳ ಕೆಲಸ. ಕೈಯಲ್ಲಿ ಅರ್ಧ ಕಾಜಾ ಹಾಕಿದ ಅಂಗಿ. ಅದೇ ಅಂಗಿಯ ತೋಳಲ್ಲಿ ಕಣ್ಣು ಒರೆಸಿಕೊಂಡು, "ನಿನಗೆ ಲೆಕ್ಕ ಬರುತ್ತಲ್ಲೋ? ನಾಳೆಯಿಂದ ನೀನೇ ಇವರಿಗೆ ಮೇಷ್ಟ್ರು. ಸಂಜೆ ನಾಲ್ಕಕ್ಕೆ ಬಾ. ತಡ ಮಾಡಿದ್ರೆ ಕಿವಿಗೆ ಕಾಜಾ ಹಾಕ್ತೀನಿ" ಅಂದಳು.

ಕೈಕೊಟ್ಟು ಕೋಳ ಹಾಕಿಸಿಕೊಳ್ಳುವುದು ಅಂದರೆ ಇದೇ.

ಒಂದು ಆಸೆ ಉಳಿದಿತ್ತು. ಕಾಲೇಜಿನವರೇ ಈ ವಯಸ್ಸಿನವರಿಗೆ ಪರೀಕ್ಷೆ ಇಲ್ಲ ಅಂದುಬಿಡುತ್ತಾರೆ, ನಾನು ತಪ್ಪಿಸಿಕೊಳ್ಳುತ್ತೇನೆ. ಎರಡು ದಿನಕ್ಕೆ ಸಾಕ್ಷಾತ್ ಸೂಪರಿಂಟೆಂಡೆಂಟರೇ ಅಂಗಡಿಗೆ ಬಂದರು. ಕೈಯಲ್ಲಿ ಅರ್ಜಿ ನಮೂನೆ.

"ಹ್ರ್ರ್ಂ. ಅಂದರೆ ಏನಪ್ಪಾ ಅಂದರೆ, ಮೊನ್ನೆ ನಾನೇ ಫೋನ್ ಮಾಡಿದ್ದೆನಲ್ಲ, ಹಾಗಾಗಿ ನಾನೇ ತಂದೆ."

ನನ್ನ ಕೈಯಲ್ಲಿದ್ದ ಗುಂಡುಸೂಜಿ ನನ್ನ ಹೆಬ್ಬೆರಳಿಗೇ ಹೋಯಿತು. ಫೋನ್ ಮಾಡಿದ್ದು ನಾನು! ಈ ಮನುಷ್ಯ ನನ್ನ ಸುಳ್ಳನ್ನು ಹಾಡಹಗಲೇ ಕದಿಯುತ್ತಿದ್ದಾನಲ್ಲ! ಹೇಳೋಣವೆಂದರೆ ಸಾಕ್ಷಿ ಕೊಡಬೇಕಾದವನೂ ನಾನೇ, ಕಳ್ಳನೂ ನಾನೇ.

"ಸಾರ್, ವಯಸ್ಸಿನ ನಿಯಮ..." ಅಂತ ಕೊನೆಯ ಪ್ರಯತ್ನ ಮಾಡಿದೆ.

"ಇಲ್ಲ. ವಯಸ್ಸಿನ ನಿಯಮ ಯಾವತ್ತೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ."

ಮಾವ ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಯಾವತ್ತೂ ಇರಲಿಲ್ವಾ ಸಾರ್?" ಅಂತ ಮತ್ತೊಮ್ಮೆ ಕೇಳಿದ. ಆಮೇಲೆ ಅರ್ಜಿಯ ಮೇಲೆ ಟೇಪು ಇಟ್ಟು ಉದ್ದ ಅಗಲ ನೋಡಿದ. ದಿಕ್ಕು ತೋಚದಾಗ ಅವನು ಮಾಡುತ್ತಿದ್ದುದು ಅದೇ.

ಅಂತೂ ಪಾಠ ಶುರು. ಪರೀಕ್ಷೆಗೆ ಮೂರು ತಿಂಗಳಿತ್ತು. ಭಾಷೆ, ಸಾಮಾನ್ಯ ಜ್ಞಾನದ ವಿಭಾಗಗಳಿಗೆ ಮಾವ ಹೆದರಲಿಲ್ಲ. ದರ್ಜಿ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕೂತವನಿಗೆ ತಿಳಿಯದ ಸಾಮಾನ್ಯ ಜ್ಞಾನ ಯಾವುದು? ಗಂಡಾಂತರವೆಲ್ಲ ಗಣಿತ ವಿಭಾಗದಲ್ಲಿ. ಐವತ್ತು ಪ್ರಶ್ನೆ, ಒಂದೊಂದಕ್ಕೆ ಒಂದಂಕ, ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಬೇಕು. ಇಪ್ಪತ್ತು ಬಂದರೆ ಗೇಟಿನ ಒಳಗೆ, ಬಾರದಿದ್ದರೆ ಅಂಗಡಿಯ ಒಳಗೆ.

ಮೊದಲ ದಿನ ಬೀಜಗಣಿತ. "ಎಕ್ಸ್ ಅಂತ ಇಟ್ಟುಕೋ ಮಾವ" ಅಂದೆ.

"ಎಕ್ಸ್ ಅಂದ್ರೆ ಯಾರು?"

"ಯಾರೂ ಅಲ್ಲ. ಅದರ ಬೆಲೆ ಗೊತ್ತಿಲ್ಲ, ಕಂಡುಹಿಡಿಯಬೇಕು."

ಮಾವ ಗಲ್ಲ ಕೆರೆದುಕೊಂಡ. "ಓ, ಅಳತೆ ಕೊಡದೆ ಬಟ್ಟೆ ಎಸೆದು ಹೋದ ಗಿರಾಕಿ. ಅವನ ಹಳೇ ಪ್ಯಾಂಟು ತಂದುಕೊಡಿ ಅಂತೀನಿ, ಅದರಿಂದ ಗೊತ್ತಾಗುತ್ತೆ. ಇಷ್ಟೇ ತಾನೆ?" ಆಶ್ಚರ್ಯ ಅಂದರೆ ಇಷ್ಟೇ. ಅವತ್ತು ಏಳು ಸಮೀಕರಣ ಬಿಡಿಸಿದ.

ಸರಾಸರಿಯ ಪಾಠ ಅಷ್ಟು ಸಲೀಸಾಗಲಿಲ್ಲ. "ಮೂವರ ಎತ್ತರ ಕೂಡಿಸಿ ಮೂರರಿಂದ ಭಾಗಿಸಬೇಕು" ಅಂದಿದ್ದಕ್ಕೆ ಮಾವ ಕೆರಳಿದ. "ಆ ಅಳತೆಗೆ ಹೊಲಿದ್ರೆ ಮೂವರಲ್ಲಿ ಒಬ್ಬನಿಗೂ ಆಗಲ್ಲ! ಯಾವ ದರ್ಜಿ ಬರೆದಿದ್ದು ಈ ಪುಸ್ತಕ?" ಸಂಭವನೀಯತೆಗೆ ಗುಂಡಿ ಡಬ್ಬಿಯನ್ನೇ ಮುಂದಿಟ್ಟೆ. ಐದು ಕರಿ ಗುಂಡಿ, ಮೂರು ಬಿಳಿ, ಕಣ್ಣು ಮುಚ್ಚಿ ತೆಗೆದರೆ ಕರಿ ಬರುವ ಸಂಭವ ಎಷ್ಟು? "ಕರಿ ಬೇಕಾದಾಗ ಬಿಳಿ, ಬಿಳಿ ಬೇಕಾದಾಗ ಕರಿ. ನಿಮ್ಮತ್ತೇನ ಕೇಳು" ಅಂದ. ಅತ್ತೆ ಒಳಗಿನಿಂದ, "ಶ್ಶ್! ಅವರು ಓದ್ತಿದಾರೆ, ಯಾರೂ ಗಲಾಟೆ ಮಾಡಬೇಡಿ!" ಅಂತ ಬೀದಿಗೆಲ್ಲ ಕೇಳುವಂತೆ ಕಿರುಚಿದಳು.

ರೇಖಾಗಣಿತ ಬಂತು. ದರ್ಜಿಗೆ ಇದು ತವರುಮನೆ ಅಂದುಕೊಂಡು ಹತ್ತು ಪ್ರಶ್ನೆ ಕೊಟ್ಟೆ. ಹತ್ತೂ ತಪ್ಪು. ಹನ್ನೆರಡು ಉದ್ದ, ಎಂಟು ಅಗಲದ ಆಯತದ ವಿಸ್ತೀರ್ಣ ತೊಂಬತ್ತಾರು. ಮಾವನ ಉತ್ತರ ನೂರನಲವತ್ತು. ಮೂರು ನಾಲ್ಕರ ಲಂಬಕೋನ ತ್ರಿಭುಜದ ಓರೆ ಬಾಹು ಐದು, ಮಾವನದು ಆರು. ಮಾರನೇ ದಿನ ಮತ್ತೆ ಹತ್ತು, ಮತ್ತೆ ಸೊನ್ನೆ. ಬೀದಿಯಲ್ಲಿ ಗುಸುಗುಸು ಎದ್ದಿತು. ಪೋಸ್ಟ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು, "ತಪ್ಪು ವಿದ್ಯಾರ್ಥಿದಲ್ಲ, ಮೇಷ್ಟ್ರದು" ಅಂದರು. ಅತ್ತೆ ನನ್ನ ಕಿವಿಯನ್ನೇ ನೋಡತೊಡಗಿದಳು.

ಮೂರನೇ ದಿನ ಹೊಳೆಯಿತು. ಹನ್ನೆರಡಕ್ಕೆ ಎರಡು ಸೇರಿಸಿದರೆ ಹದಿನಾಲ್ಕು, ಎಂಟಕ್ಕೆ ಎರಡು ಸೇರಿಸಿದರೆ ಹತ್ತು. ಗುಣಿಸಿದರೆ ನೂರನಲವತ್ತು!

"ಮಾವ, ಎಲ್ಲಾ ಕಡೆ ಒಂದೊಂದು ಜಾಸ್ತಿ ಹಾಕ್ತಿದೀಯಲ್ಲ, ಯಾಕೆ?"

ಮಾವ ನನ್ನನ್ನು ಕನಿಕರದಿಂದ ನೋಡಿದ. "ಹೊಲಿಗೆಗೆ ಬಿಡಬೇಡ್ವೇನೋ?"

"ಪರೀಕ್ಷೆಯಲ್ಲಿ ಹೊಲಿಗೆ ಇಲ್ಲ ಮಾವ!"

"ಕೊಟ್ಟ ಅಳತೆಗೇ ಸರಿಯಾಗಿ ಕತ್ತರಿಸೋನು ದರ್ಜಿಯಲ್ಲ ಕಣೋ, ಕಟುಕ."

ಒಂದು ತಿಂಗಳು ಹಿಡಿಯಿತು ಆ ಒಂದಿಂಚನ್ನು ಬಿಡಿಸಲು. ಪ್ರತಿ ಲೆಕ್ಕದ ಮುಂದೆ ಮಾವ "ಇದು ಬಟ್ಟೆಯಲ್ಲ, ಇದು ಬಟ್ಟೆಯಲ್ಲ" ಅಂತ ಮೂರು ಸಲ ಹೇಳಿಕೊಂಡು ಶುರುಮಾಡುತ್ತಿದ್ದ. ಅಂಕ ಏರತೊಡಗಿತು. ಒಂಬತ್ತು, ಹದಿಮೂರು, ಹದಿನೇಳು.

ಅಂಕ ಏರಿದಂತೆ ಗಿರಾಕಿಗಳ ಗತಿ ಇಳಿಯಿತು. ಮಾವನಿಗೆ ಕಾಗದ ಪೆನ್ನು ಒಗ್ಗದು. ಲೆಕ್ಕವೆಲ್ಲ ಕೈಗೆ ಸಿಕ್ಕ ಬಟ್ಟೆಯ ಮೇಲೆ, ದರ್ಜಿಯ ಬಳಪದಲ್ಲಿ. ಒಂದು ಬೆಳಿಗ್ಗೆ ದೊಡ್ಡ ಅಧಿಕಾರಿಯೊಬ್ಬರು ಕೋಟು ಹಿಡಿದುಕೊಂಡು ಅಂಗಡಿಗೆ ನುಗ್ಗಿದರು.

"ಏನ್ರೀ ಇದು! ನಿನ್ನೆ ಮೀಟಿಂಗಲ್ಲಿ ಸೆಖೆ ಅಂತ ಕೋಟು ತೆಗೆದು ಕುರ್ಚಿ ಮೇಲೆ ಹಾಕಿದೆ. ಒಳಗಡೆ ಇಡೀ ಒಂದು ವರ್ಗ ಸಮೀಕರಣ! ಕೆಲಸ ಬಿಟ್ಟು ಹದಿನೆಂಟು ಜನ ಅದರ ಸುತ್ತ ನಿಂತುಬಿಟ್ರು!"

ಮಾವ ಬಿಳಿಚಿಕೊಂಡ. "ತಪ್ಪಾಯ್ತು ಸಾರ್, ಒರೆಸಿಕೊಡ್ತೀನಿ."

"ತಪ್ಪಾಗಿದೆ ಅಂತಲೇ ಹೇಳೋಕೆ ಬಂದಿದ್ದು! ಎಕ್ಸ್ ಮೈನಸ್ ಮೂರಲ್ಲ, ಮೂರು. ನಮ್ಮ ಟೈಪಿಸ್ಟಮ್ಮ ಬಿಡಿಸಿದ್ರು." ಅಧಿಕಾರಿ ದನಿ ತಗ್ಗಿಸಿದರು. "ಇನ್ನೊಂದು ಹಾಕಿಕೊಡಿ. ಸ್ವಲ್ಪ ಕಷ್ಟದ್ದು. ಗುರುವಾರ ಮತ್ತೆ ಮೀಟಿಂಗಿದೆ."

ಇದೇ ದಿನಗಳಲ್ಲಿ ಒಂದು ಮಧ್ಯಾಹ್ನ, ಮಾವ ಇಲ್ಲದಾಗ, ಬಳಪ ಹುಡುಕುತ್ತಾ ಕತ್ತರಿಸುವ ಮೇಜಿನ ಕೆಳಗಿನ ಪೆಟ್ಟಿಗೆ ತೆಗೆದೆ. ಎಲ್ಲಕ್ಕಿಂತ ಅಡಿಯಲ್ಲಿ, ಹಳೇ ಪತ್ರಿಕೆಯಲ್ಲಿ ಸುತ್ತಿ, ಒಂದು ಗೌನು. ಅಂಚಿನ ಒಳಗೆ ನೋಡಿದರೆ ಸೂಜಿಯ ತೂತುಗಳ ಸಾಲು, ಅದರ ಪಕ್ಕ ಇನ್ನೊಂದು ಸಾಲು, ಮತ್ತೊಂದು. ಒಟ್ಟು ನಾಲ್ಕು.

"ಅದನ್ನ ಇದ್ದ ಹಾಗೆ ಇಡು," ಅಂದಳು ಅತ್ತೆ, ಕಾಜಾದಿಂದ ತಲೆ ಎತ್ತದೆ. "ಆ ನಲವತ್ತು ಹೊಲಿದ್ರಲ್ಲ, ಅವತ್ತು ಉಳಿದ ಬಟ್ಟೇಲಿ ತಮಗೊಂದು ಹೊಲ್ಕೊಂಡಿದ್ರು. ಆಗ ಸಣ್ಣಗಿದ್ರು. ಆಮೇಲೆ ಮೈ ಬಂದಾಗೆಲ್ಲ ಬಿಚ್ಚಿ ಅಗಲ ಮಾಡ್ತಾರೆ."

"ಹಾಕ್ಕೊಂಡಿದ್ದಾರಾ ಯಾವಾಗಾದ್ರೂ?"

"ಎಲ್ಲಿ! ಟೇಪು ಹಿಡಿದು ನೋಡಿ ಮಡಿಸಿಡ್ತಾರೆ. ಗಳಿಸದೆ ಹಾಕ್ಕೋಬಾರದಂತೆ." ಹಲ್ಲಿನಲ್ಲಿ ದಾರ ಕಡಿದಳು. "ಬಳಪ ಮೇಲಿನ ಖಾನೇಲಿದೆ."

ಅವತ್ತಿನಿಂದ ನಾನು ನಾಲ್ಕಕ್ಕಲ್ಲ, ಮೂರೂವರೆಗೇ ಬರತೊಡಗಿದೆ. ಕಿವಿಯ ಮೇಲಿನ ಪ್ರೀತಿಯಿಂದ ಅಂತ ಬೀದಿಯವರು ತಿಳಿದರು. ತಿಳಿದುಕೊಳ್ಳಲಿ.

ಪರೀಕ್ಷೆಯ ದಿನ ಇಸ್ತ್ರಿಯವನು ಮಾವನ ಅಂಗಿಗೆ ಎಂಥ ಗೆರೆ ಕೂರಿಸಿದ್ದನೆಂದರೆ ಅದರಲ್ಲೇ ಪೆನ್ಸಿಲು ಹೆರೆಯಬಹುದಿತ್ತು. ಪೋಸ್ಟ್‌ಮಾಸ್ಟರು ಗೇಟಿನವರೆಗೆ ಬಂದು, "ಎಲ್ಲಾ ಪ್ರಶ್ನೆಗೂ ಮುದ್ರೆ ಒತ್ತಿ ಬಾ" ಅಂದರು. ಕಾವಲುಗಾರ ಅಭ್ಯಾಸಬಲದಿಂದ ಗಂಟು ಇಸಿದುಕೊಳ್ಳಲು ಕೈ ಚಾಚಿದ. ಮಾವ ಅವನ ಕೈಗೆ ಪ್ರವೇಶ ಪತ್ರ ಕೊಟ್ಟ. ಕಾವಲುಗಾರ ಪತ್ರ ನೋಡಿದ, ಮಾವನನ್ನು ನೋಡಿದ, ಪತ್ರವನ್ನು ಮತ್ತೆ ನೋಡಿದ, ಆಮೇಲೆ ದಿನಾ ತೆರೆಯುವ ಚಿಕ್ಕ ಬಾಗಿಲು ಬಿಟ್ಟು ದೊಡ್ಡ ಗೇಟನ್ನೇ ಎರಡೂ ಕಡೆ ತೆರೆದ. ಮಾವ ಒಂದು ಕಾಲು ಒಳಗಿಟ್ಟು ನಿಂತುಬಿಟ್ಟ. ಹಿಂದೆ ಹುಡುಗ ಹುಡುಗಿಯರ ಸಾಲು ಬೆಳೆಯಿತು.

"ಅಂಕಲ್, ಒಳಗೆ ಹೋಗ್ತೀರಾ, ಅಳತೆ ತಗೋತೀರಾ?" ಅಂದಳೊಬ್ಬಳು. ಆಗ ಹೋದ.

ಫಲಿತಾಂಶ ಒಂದು ವಾರಕ್ಕೆ ಬಂತು. ಗೇಟಿನ ಪಕ್ಕದ ಹಲಗೆಯ ಮೇಲೆ ಅಂಟಿಸಿದ್ದರು. ಭಾಷೆ: ಉತ್ತಮ. ಸಾಮಾನ್ಯ ಜ್ಞಾನ: ಅತ್ಯುತ್ತಮ. ಗಣಿತ: ಹತ್ತೊಂಬತ್ತು.

ಇಸ್ತ್ರಿಯವನು ಹಲಗೆಯ ಮೇಲೆ ಬೆರಳಿಟ್ಟು ಎರಡು ಸಲ ಉಜ್ಜಿದ, ಸುಕ್ಕು ಹೋದರೆ ಇಪ್ಪತ್ತಾದೀತು ಅಂತ. ಪೋಸ್ಟ್‌ಮಾಸ್ಟರು ಕನ್ನಡಕ ಒರೆಸಿ ಒರೆಸಿ ಓದಿದರು, ವಿಳಾಸ ತಪ್ಪಿರಬಹುದು ಅಂತ. ಮಾವ ಮಾತ್ರ ತಲೆಯಾಡಿಸಿ, "ಸರಿಯಾಗೇ ಇದೆ" ಅಂದು ರಸ್ತೆ ದಾಟಿ ಬಂದು ಮೆಷಿನ್ ಮುಂದೆ ಕೂತ. ನಾವೆಲ್ಲ ಹಿಂದೆ ಹಿಂದೆಯೇ ಅಂಗಡಿ ಹೊಕ್ಕೆವು.

"ಏನು ಸರಿಯಾಗಿದೆ ಮಾವ? ಒಂದು! ಒಂದೇ ಒಂದು ಅಂಕ! ಯಾವುದು ತಪ್ಪಿದ್ದು?"

"ತಪ್ಪಿದ್ದು ಸುಮಾರು ಇದೆ. ತಪ್ಪಿಸಿದ್ದು ಒಂದೇ." ಮಾವ ದಾರ ಪೋಣಿಸುತ್ತಾ ಹೇಳಿದ. "ಡೇರೆದು. ಏಳು ಮೀಟರ್ ತ್ರಿಜ್ಯ, ಹತ್ತು ಮೀಟರ್ ಓರೆ ಎತ್ತರ. ಡೇರೆಗೆ ಎಷ್ಟು ಬಟ್ಟೆ ಬೇಕು ಅಂತ."

"ಇನ್ನೂರಿಪ್ಪತ್ತು! ನಾವು ಹತ್ತು ಸಲ ಮಾಡಿದ್ದೀವಿ!"

"ಇನ್ನೂರಿಪ್ಪತ್ತು ಅಂತ ನನಗೂ ಬಂತು. 'ಇದು ಬಟ್ಟೆಯಲ್ಲ' ಅಂತ ಹೇಳ್ಕೊಳ್ಳೋಕೆ ಹೋದೆ. ಆದ್ರೆ ಅದು ಬಟ್ಟೆನೇ ಕಣೋ! ಪ್ರಶ್ನೇಲಿ ಹಾಗಂತ ಬರೆದಿದೆ! ಇನ್ನೂರಿಪ್ಪತ್ತಕ್ಕೇ ಕತ್ತರಿಸಿದ್ರೆ ಜೋಡಿಸೋದೆಲ್ಲಿ? ಮೊದಲ ಗಾಳಿಗೇ ಬಾಯಿ ಬಿಟ್ಟುಕೊಳ್ಳುತ್ತೆ. ಒಳಗೆ ಮಕ್ಕಳು ಮರಿ ಮಲಗಿರ್ತಾರೆ. ನಾಲ್ಕನೇ ಉತ್ತರ 'ಮೇಲಿನ ಯಾವುದೂ ಅಲ್ಲ' ಅಂತಿತ್ತು. ಅದಕ್ಕೇ ಗುರುತು ಹಾಕಿದೆ."

ನನಗೆ ತಡೆಯಲಾಗಲಿಲ್ಲ. ಮೂರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಬಿಸಿತುಪ್ಪವನ್ನು ಉಗುಳಲು ಬಾಯಿ ತೆರೆದೆ. "ಮಾವ, ಆ ಮೊದಲನೇ ಫೋನು ಇದೆಯಲ್ಲ, ಅದು..."

"ಹ್ರ್ರ್ಂ," ಅಂತ ಬಾಗಿಲಲ್ಲಿ ಮೋಟಾರು ಹತ್ತಿಕೊಂಡಿತು. ಸೂಪರಿಂಟೆಂಡೆಂಟರು. "ಫಲಿತಾಂಶ ನೋಡಿದೆ. ಅಂದರೆ ಏನಪ್ಪಾ ಅಂದರೆ," ನನ್ನ ಕಡೆ ತಿರುಗಿದರು, "ಮುಂದಿನ ವರ್ಷದ ಫೋನು ನಾನು ಮಾಡಲೋ, ನೀನೇ ಮಾಡ್ತೀಯೋ?"

"ನೀನು ಫೋನ್ ಮಾಡಿದಾಗ ಇವ್ರು ಎಲ್ಲಿದ್ರು ಗೊತ್ತಾ?" ಅಂದ ಮಾವ. ಕತ್ತರಿಸುವ ಮೇಜಿನ ಕಡೆ ಬೆರಳು ತೋರಿಸಿದ. "ಅಲ್ಲಿ. ಎರಡೂ ಕೈ ಮೇಲೆತ್ತಿಕೊಂಡು. ಇವರ ಎದೆ ಸುತ್ತ ಟೇಪು ಹಿಡಿದುಕೊಂಡು ನಾನು ಇವರ ಜೊತೆಗೇ ಫೋನಲ್ಲಿ ಮಾತಾಡ್ತಿದೀನಿ! ಕತ್ತರಿ ಬಿತ್ತು. ಇವರು ಕೈ ಇಳಿಸಲಿಲ್ಲ, ಉಸಿರೂ ಬಿಡಲಿಲ್ಲ."

"ನನ್ನ ದನಿ ನನಗಿಂತ ಚೆನ್ನಾಗಿ ಮಾಡ್ತಾನೆ," ಅಂದರು ಸೂಪರಿಂಟೆಂಡೆಂಟರು, ಸ್ವಲ್ಪ ಹೊಟ್ಟೆಕಿಚ್ಚಿನಿಂದ. "ಫೋನ್ ಇಟ್ಟ ಮೇಲೆ ಇವರು ಕೇಳಿದ್ದು ಒಂದೇ. ನಿಜವಾಗಿಯೂ ವಯಸ್ಸು ಅಡ್ಡಿಯಿಲ್ವಾ ಸಾರ್ ಅಂತ."

"ಹಾಗಾದ್ರೆ ಗೊತ್ತಿದ್ದೂ ನನಗ್ಯಾಕೆ ಬೈಲಿಲ್ಲ ಮಾವ? ಮೂರು ತಿಂಗಳು!"

"ಬೈದಿದ್ರೆ ನೀನು ಪಾಠ ಹೇಳ್ತಿದ್ಯಾ?" ಮಾವ ಮೆಷಿನ್ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ. "ಎದುರುಗಡೆ ಕಾಲೇಜು. ಇಪ್ಪತ್ತೆಂಟು ವರ್ಷ ಈ ಫೋನು ಪಕ್ಕದಲ್ಲೇ ಇದೆ. ಗೌನು ಆಯ್ತಾ ಅಂತ ಕೇಳೋಕೆ ಎಷ್ಟು ಸಲ ಬಡಕೊಂಡಿದೆ. 'ನೀನೂ ಬಾ' ಅಂತ ಬಂದಿದ್ದು ಅದೊಂದೇ ಕಣೋ. ಯಾರ ಬಾಯಿಂದ ಬಂದ್ರೆ ಏನು, ಬಂತಲ್ಲ."

ಇಸ್ತ್ರಿಯವನು ತನ್ನ ಪೆಟ್ಟಿಗೆಯ ಹೊಗೆಗೆ ಕಣ್ಣುರಿ ಅಂದ. ಪೆಟ್ಟಿಗೆ ಪಕ್ಕದಂಗಡಿಯಲ್ಲಿತ್ತು.

ಅತ್ತೆ ಮಾತ್ರ ಎದ್ದು ಮೇಜಿನ ಕೆಳಗಿನ ಪೆಟ್ಟಿಗೆ ಎಳೆದಳು. ಗೌನು ತೆಗೆದು ಮಾವನ ಮಡಿಲಿಗೆ ಹಾಕಿ, ಅವನ ಕೊರಳಿನ ಟೇಪನ್ನು ಕಿತ್ತು ಅವನ ಎದೆಗೇ ಸುತ್ತಿದಳು.

"ನಲವತ್ತೊಂದು. ಓದಿ ಓದಿ ಒಂದಿಂಚು ಜಾಸ್ತಿಯಾಗಿದೀರಿ. ಒಳಗಡೆ ಬಿಚ್ಚೋಕೆ ಎಷ್ಟು ಉಳಿದಿದೆ ನೋಡಿ."

ಮಾವ ಅಂಚು ತಿರುಗಿಸಿದ. ನಾಲ್ಕು ಸಾಲು ತೂತುಗಳ ಆಚೆ, ಕತ್ತರಿಸಿದ ಅಂಚಿನವರೆಗೆ ಬೆರಳಾಡಿಸಿ ಅಳೆದ.

"ಒಂದಿಂಚು."

"ಬೇಕಾಗಿರೋದು?"

"ಒಂದಂಕ," ಅಂದ ಮಾವ, ಮತ್ತು ಅಷ್ಟು ಹೇಳುವಾಗಲೇ ಅವನ ಹೊಟ್ಟೆ ಕುಲುಕತೊಡಗಿತು. ಮೊದಲು ಪೋಸ್ಟ್‌ಮಾಸ್ಟರು ನಕ್ಕರು, ಆಮೇಲೆ ಇಸ್ತ್ರಿಯವನು, ಸೂಪರಿಂಟೆಂಡೆಂಟರು ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತು ನಕ್ಕರು, ಮೂರು ತಿಂಗಳು ಮೋಸಹೋದ ನಾನೂ ನಕ್ಕೆ. ಆದರೆ ಎಲ್ಲರ ನಗುವನ್ನೂ ಒಳಗೆ ಹಾಕಿ ಹೊಲಿದುಬಿಡುವಂಥ ನಗು ಮಾವನದು. ಗೌನನ್ನು ಎದೆಗವಚಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಎದುರಿನ ಗೇಟಿನ ಕಾವಲುಗಾರ ಏನಾಯಿತೋ ಅಂತ ಎದ್ದು ನಿಲ್ಲುವಷ್ಟು ಜೋರಾಗಿ ನಕ್ಕ.